ನೆಲೆ ತಪ್ಪಿದ ಬಾಲಕರು: ಎರಡು ಗ್ರಂಥಗಳ ವಿಮರ್ಶೆ



ಹತ್ತು ಹನ್ನೆರಡು ವರ್ಷದ ಎಳೆಯ ವಯಸ್ಸಿನಲ್ಲಿ, ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿಯೊಡನೆ ತಂದೆತಾಯಿಗಳನ್ನು ಬಿಟ್ಟು ಪರಸ್ಥಳಕ್ಕೆ ಓದಲು ಬಂದ ನೆನಪು ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಇದ್ದೀತು. ಮೊದಲ ರಾತ್ರಿ ಕಂಬಳಿಯ ಮುಸುಕಿನೊಳಗೆ ಸದ್ದಿಲ್ಲದೆ ಅತ್ತದ್ದೂ ನೆನಪಿದ್ದೀತು. ಆದರೆ ಆ ಅಳುವಿಗೆ ಒಂದು ಸಮಾಧಾನವಿತ್ತು. ಊರು ಇದ್ದಲ್ಲಿಯೇ ಇತ್ತು. ದೀಪಾವಳಿಯ ರಜೆಗೆ ಹೋದರೆ ತಾಯಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಹಿಂದಿರುಗಿ ಹೋಗಲು ಊರೇ ಉಳಿಯದ ಮಕ್ಕಳ ಪಾಡೇನು?

ಈ ಪ್ರಶ್ನೆಯನ್ನು ನಮ್ಮೆದುರು ಇಡುವ ಎರಡು ಇಂಗ್ಲಿಷ್ ಗ್ರಂಥಗಳನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಬಿನ್ನವಿಸಬೇಕೆಂದಿದ್ದೇನೆ. ಒಂದು, ಅಮೆರಿಕದ ಲೇಖಕ ಡೇವ್ ಎಗ್ಗರ್ಸ್ ಅವರು ೨೦೦೬ರಲ್ಲಿ ಪ್ರಕಟಿಸಿದ ‘ವಾಟ್ ಈಸ್ ದ ವಾಟ್’. ಇನ್ನೊಂದು, ಅದಕ್ಕಿಂತ ಒಂದು ವರ್ಷ ಮೊದಲು ಬಂದ ‘ದೇ ಪೋರ್ಡ್ ಫೈರ್ ಆನ್ ಅಸ್ ಫ್ರಮ್ ದ ಸ್ಕೈ’. ಅಂದರೆ, ‘ಆಗಸದಿಂದ ನಮ್ಮ ಮೇಲೆ ಬೆಂಕಿ ಸುರಿದರು’. ಇದು ಬೆನ್ಸನ್ ಡೆಂಗ್ ಮತ್ತು ಅಲೆಫಾನ್ಸಿಯನ್ ಡೆಂಗ್ ಎಂಬ ಸಹೋದರರೂ ಅವರ ಸೋದರ ಸಂಬಂಧಿ ಬೆಂಜಮಿನ್ ಅಜಕ್ ಅವರೂ ಜೂಡಿ ಬರ್ನ್‌ಸ್ಟೈನ್ ಎಂಬವರ ನೆರವಿನಿಂದ ಬರೆದ ಗ್ರಂಥ. ಎರಡರ ವಸ್ತುವೂ ಒಂದೇ: ಸುಡಾನ್ ದೇಶದ ಅಂತರ್ಯುದ್ಧದಲ್ಲಿ ನೆಲೆ ತಪ್ಪಿ, ಕೊನೆಗೆ ಅಮೆರಿಕದಲ್ಲಿ ನೆಲೆ ನಿಂತ ಬಾಲಕರ ವೃತ್ತಾಂತ. ವಸ್ತು ಒಂದೇ ಆದರೂ ಹೇಳುವ ಬಾಯಿ ಬೇರೆ. ಆ ಭೇದವೇ ಪ್ರಸ್ತುತ ಲೇಖನದ ವಿಚಾರ.

ಮೊದಲು ಇತಿಹಾಸವನ್ನು ಸಂಗ್ರಹವಾಗಿ ತಿಳಿಯೋಣ. ೧೯೮೩ರಲ್ಲಿ ಅಧ್ಯಕ್ಷ ನಿಮೇರಿಯವರು ದೇಶಕ್ಕೆಲ್ಲ ಇಸ್ಲಾಮೀ ಶಾಸನವನ್ನು ವಿಧಿಸಿದರು. ಅದೇ ವರ್ಷ ದಕ್ಷಿಣದ ಸೈನಿಕರು ಬಂಡೆದ್ದರು. ಜಾನ್ ಗರಾಂಗ್ ಅವರ ನಾಯಕತ್ವದಲ್ಲಿ ವಿಮೋಚನಾ ಸೈನ್ಯವೊಂದು ರೂಪುಗೊಂಡಿತು. ಉತ್ತರ ಮತ್ತು ದಕ್ಷಿಣಗಳ ಈ ಯುದ್ಧ ೨೦೦೫ರ ಜನವರಿಯ ಒಪ್ಪಂದದವರೆಗೆ, ಇಪ್ಪತ್ತೆರಡು ವರ್ಷ ನಡೆಯಿತು. ಹಸಿವು ರೋಗಗಳಿಂದ ಸತ್ತವರನ್ನೂ ಸೇರಿಸಿದರೆ ಮಡಿದವರು ಸುಮಾರು ೨೦ ಲಕ್ಷವೆಂಬ ಅಂದಾಜಿದೆ. ದಕ್ಷಿಣದ ಡಿಂಕಾ ಮತ್ತು ನುಯರ್ ಜನ ದನಗಾಹಿಗಳು. ಕುದುರೆಯ ಮೇಲೆ ಬಂದ ದಂಡುಗಳು ಹಳ್ಳಿಗಳನ್ನು ಸುಟ್ಟಾಗ ಎಷ್ಟೋ ಗಂಡುಮಕ್ಕಳು ಊರಾಚೆಯ ದೊಡ್ಡಿಗಳಲ್ಲಿ ದನಕರು ಕಾಯುತ್ತಿದ್ದರು. ಉಳಿದುಕೊಂಡದ್ದೂ ಅದರಿಂದಲೇ, ತಬ್ಬಲಿಗಳಾದದ್ದೂ ಅದರಿಂದಲೇ.

ಐದು, ಏಳು, ಹತ್ತು ವರ್ಷದ ಈ ಮಕ್ಕಳು ಗುಂಪುಗುಂಪಾಗಿ ಪೂರ್ವದಿಕ್ಕಿಗೆ ನೂರಾರು ಮೈಲಿ ನಡೆದು ಇಥಿಯೋಪಿಯ ಸೇರಿದರು. ಅವರ ಸಂಖ್ಯೆ ಸುಮಾರು ೨೦,೦೦೦ ಎಂದು ಹೇಳುತ್ತಾರೆ. ದಾರಿಯಲ್ಲಿ ಹಸಿವು, ಬಾಯಾರಿಕೆ, ಕಾಡುಮೃಗಗಳಿಗೆ ಬಲಿಯಾದವರ ಲೆಕ್ಕವನ್ನು ಇಟ್ಟವರಿಲ್ಲ. ೧೯೯೧ರ ಮೇ ತಿಂಗಳಲ್ಲಿ ಇಥಿಯೋಪಿಯದ ಮೆಂಗಿಸ್ತು ಸರ್ಕಾರ ಬಿತ್ತು, ಆಶ್ರಯವೂ ಬಿತ್ತು. ಬಂದೂಕುಗಳು ಬೆನ್ನಟ್ಟಿದಾಗ ಮಕ್ಕಳು ಗಿಲೋ ನದಿಗೆ ಧುಮುಕಿದರು. ಈಜು ಬಾರದವರು ಮುಳುಗಿದರು. ಈಜುತ್ತಿದ್ದವರಲ್ಲಿ ಕೆಲವರು ಗುಂಡಿಗೆ, ಕೆಲವರು ಮೊಸಳೆಗೆ ತುತ್ತಾದರು. ಉಳಿದವರು ೧೯೯೨ರಲ್ಲಿ ಕೆನ್ಯಾದ ವಾಯವ್ಯದ ಬರಡು ನೆಲದಲ್ಲಿ ತೆರೆದ ಕಾಕುಮಾ ಶಿಬಿರವನ್ನು ಸೇರಿ ಅಲ್ಲಿ ಸುಮಾರು ಒಂಬತ್ತು ವರ್ಷ ಬೆಳೆದರು. ೨೦೦೦ದ ಕೊನೆಯಿಂದ ಮೊದಲುಗೊಂಡು, ಮುಖ್ಯವಾಗಿ ೨೦೦೧ರಲ್ಲಿ, ಮೂರೂವರೆ ಸಾವಿರಕ್ಕೂ ಮಿಕ್ಕ ತರುಣರನ್ನು ಅಮೆರಿಕ ಬರಮಾಡಿಕೊಂಡಿತು. ಹುಟ್ಟಿದ ದಿನ ತಿಳಿಯದ ಅವರಲ್ಲಿ ಹೆಚ್ಚಿನವರಿಗೆ ಜನವರಿ ಒಂದನೆಯ ತಾರೀಖನ್ನೇ ಜನ್ಮದಿನವೆಂದು ಬರೆದುಕೊಟ್ಟರು.

ಇವರಿಗೆ ‘ಲಾಸ್ಟ್ ಬಾಯ್ಸ್’ ಎಂಬ ಹೆಸರು ಬಂದದ್ದು ‘ಪೀಟರ್ ಪ್ಯಾನ್’ ಎಂಬ ಇಂಗ್ಲಿಷ್ ಮಕ್ಕಳ ಕಥೆಯಿಂದ. ಆ ಕಥೆಯ ಪೀಟರ್ ದೊಡ್ಡವನಾಗುವುದೇ ಇಲ್ಲ. ಈ ಹುಡುಗರಾದರೋ ಏಳನೆಯ ವಯಸ್ಸಿಗೇ ತಮಗಿಂತ ಚಿಕ್ಕವರನ್ನು ಮಣ್ಣು ಮಾಡಿ ಮುಂದೆ ನಡೆದವರು. ಹೆಸರಿಟ್ಟವರ ಮನಸ್ಸಿನಲ್ಲಿ ಕರುಣೆಯಿದ್ದಿರಬಹುದು, ಔಚಿತ್ಯವಿರಲಿಲ್ಲ. ಪರರ ದುಃಖಕ್ಕೆ ನಾವು ನಮ್ಮ ಮನೆಯ ಹೆಸರನ್ನು ಇಡುತ್ತೇವೆ. ಹಾಗೆ ಇಟ್ಟಮೇಲೆ ಅದು ನಮಗೆ ಅರ್ಥವಾಯಿತೆಂದು ತಿಳಿಯುತ್ತೇವೆ.

ಎಗ್ಗರ್ಸ್ ಅವರ ಗ್ರಂಥದ ವಿಚಿತ್ರ ಅದರ ಮುಖಪುಟದಲ್ಲಿಯೇ ಇದೆ. ‘ವ್ಯಾಲೆಂಟಿನೊ ಅಚಕ್ ಡೆಂಗ್ ಅವರ ಆತ್ಮಕಥೆ’ ಎಂದು ಬರೆದು, ಕೆಳಗೆ ‘ಕಾದಂಬರಿ’ ಎಂದೂ ಬರೆದಿದ್ದಾರೆ. ವ್ಯಾಲೆಂಟಿನೊ ಕಲ್ಪಿತ ವ್ಯಕ್ತಿಯಲ್ಲ. ಮರಿಯಲ್ ಬಾಯ್ ಎಂಬ ಊರಿನಲ್ಲಿ ಹುಟ್ಟಿ, ಮೇಲೆ ಹೇಳಿದ ದಾರಿಯನ್ನೆಲ್ಲ ನಡೆದು, ಅಟ್ಲಾಂಟಾ ನಗರವನ್ನು ಸೇರಿದವರು. ವರ್ಷಗಟ್ಟಲೆ ಅವರು ಹೇಳಿದರು, ಎಗ್ಗರ್ಸ್ ಕೇಳಿ ಬರೆದರು. ಬಾಲ್ಯದ ಸಂಭಾಷಣೆಗಳು ಅಕ್ಷರಶಃ ನೆನಪಿಲ್ಲವಾದ್ದರಿಂದ ಕೃತಿಯನ್ನು ಕಾದಂಬರಿಯೆಂದೇ ಕರೆಯುವುದು ಪ್ರಾಮಾಣಿಕವೆಂದು ವ್ಯಾಲೆಂಟಿನೊ ಅವರೇ ಮುನ್ನುಡಿಯಲ್ಲಿ ತಿಳಿಸಿದ್ದಾರೆ.

ನಾನು ಈ ಗ್ರಂಥವನ್ನು ಕೈಗೆತ್ತಿಕೊಂಡಾಗ ನನ್ನ ಮನಸ್ಸು ಅನುಕೂಲವಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಒಬ್ಬನ ಬಾಳು, ಇನ್ನೊಬ್ಬನ ಲೇಖನಿ, ಅದಕ್ಕೆ ‘ನಾನು’ ಎಂಬ ಉತ್ತಮ ಪುರುಷದ ವೇಷ! ಮನೆ, ತಾಯಿ, ಊರು ಎಲ್ಲವನ್ನೂ ಕಳೆದುಕೊಂಡವನಿಗೆ ಉಳಿದಿದ್ದ ಒಂದೇ ಆಸ್ತಿ ಅವನ ಕಥೆ. ಅದನ್ನೂ ಬೇರೊಬ್ಬನು ತನ್ನದಾಗಿಸಿಕೊಳ್ಳುವುದು ಧರ್ಮವೆ? ಈ ಆಕ್ಷೇಪವನ್ನು ಇಟ್ಟುಕೊಂಡೇ ಓದಿದೆ. ಓದಿದ ಮೇಲೆ ನನ್ನ ಅಭಿಪ್ರಾಯ ಬಹುಪಾಲು ಬದಲಾಯಿತು; ಏಕೆ ಎಂಬುದನ್ನು ಹೇಳುತ್ತೇನೆ.

ಕಾದಂಬರಿ ತೆರೆಯುವುದು ಯುದ್ಧಭೂಮಿಯಲ್ಲಲ್ಲ, ಅಟ್ಲಾಂಟಾದ ಒಂದು ಬಾಡಿಗೆ ಮನೆಯಲ್ಲಿ. ಫೋನ್ ಮಾಡಬೇಕೆಂದು ಹೆಂಗಸೊಬ್ಬಳು ಬಾಗಿಲು ತಟ್ಟುತ್ತಾಳೆ. ಇವನು ತೆರೆಯುತ್ತಾನೆ. ಅವಳೊಡನೆ ಬಂದವನು ಇವನನ್ನು ಹೊಡೆದು ಕೆಡವುತ್ತಾನೆ. ಸಾಮಾನು ದೋಚಿದವರು ಇವನನ್ನು ಕಟ್ಟಿಹಾಕಿ, ಕಾವಲಿಗೆ ಒಬ್ಬ ಸಣ್ಣ ಹುಡುಗನನ್ನು ಕೂರಿಸಿ ಹೋಗುತ್ತಾರೆ. ಹುಡುಗ ಟೆಲಿವಿಷನ್ ನೋಡುತ್ತ ಕುಳಿತಿದ್ದಾನೆ. ನೆಲದ ಮೇಲೆ ಬಿದ್ದವನು ಆ ಹುಡುಗನಿಗೆ ಮನಸ್ಸಿನಲ್ಲಿಯೇ ತನ್ನ ಕಥೆಯನ್ನು ಹೇಳತೊಡಗುತ್ತಾನೆ: ನಿನ್ನ ವಯಸ್ಸಿನಲ್ಲಿ ನಾನು ಹೀಗಿದ್ದೆ, ಇಲ್ಲಿ ನಡೆಯುತ್ತಿದ್ದೆ, ಇಂಥವನು ನನ್ನ ಪಕ್ಕದಲ್ಲಿ ಸತ್ತ. ಮುಂದೆ ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಕಾಯುವಾಗ ಅಲ್ಲಿಯ ನೌಕರನಿಗೆ, ಬೆಳಗಿನ ಜಾವ ತಾನು ಕೆಲಸ ಮಾಡುವ ವ್ಯಾಯಾಮಶಾಲೆಗೆ ಬರುವ ಸದಸ್ಯರಿಗೆ, ಹೀಗೆಯೇ ಬಾಯಿ ಬಿಡದೆ ಹೇಳುತ್ತ ಹೋಗುತ್ತಾನೆ. ಅವರಲ್ಲಿ ಯಾರೂ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳುವವರು ನಾವು ಮಾತ್ರ.

ಈ ತಂತ್ರದಲ್ಲಿ ಕೃತಿಯ ಜೀವವಿದೆ. ಇದು ಕೇವಲ ಚಮತ್ಕಾರವಲ್ಲ. ಶರಣಾರ್ಥಿಯ ಬಾಳಿನಲ್ಲಿ ಕಥೆ ಎಂಬುದು ಪಡಿತರ ಚೀಟಿಯಿದ್ದಂತೆ. ಶಿಬಿರದಲ್ಲಿ ಅಧಿಕಾರಿಯ ಮುಂದೆ ಹೇಳಬೇಕು, ವಿಮಾನ ಹತ್ತಲು ಹೇಳಬೇಕು, ಅಲ್ಲಿಗೆ ಹೋದಮೇಲೆ ನೆರವು ನೀಡಿದ ಸಜ್ಜನರ ಕೂಟಗಳಲ್ಲಿ ಹೇಳಬೇಕು. ಕೇಳುವವರಿಗೆ ಸಿಂಹ ಬೇಕು, ಮೊಸಳೆ ಬೇಕು. ಆದ್ದರಿಂದ ಎಲ್ಲ ಹುಡುಗರ ಕಥೆಗಳೂ ದಿನ ಕಳೆದಂತೆ ಒಂದೇ ತೆರನಾದವೆಂದು ಕಾದಂಬರಿಯ ನಾಯಕನೇ ನಿರ್ದಾಕ್ಷಿಣ್ಯವಾಗಿ ಒಪ್ಪಿಕೊಳ್ಳುತ್ತಾನೆ. ಇಂಥ ಮಾತನ್ನು ನಾಯಕನ ಬಾಯಲ್ಲಿ ಇಡಲು ಲೇಖಕನಿಗೂ, ಇಡಗೊಟ್ಟ ವ್ಯಾಲೆಂಟಿನೊ ಅವರಿಗೂ ಧೈರ್ಯ ಬೇಕು. ಹಸಿದವನಿಗೆ ಅನ್ನ ಬಡಿಸುವ ಮುನ್ನ ಅವನ ಹಸಿವನ್ನು ವಿಸ್ತಾರವಾಗಿ ವರ್ಣಿಸಲು ಹೇಳುವುದು ಉಪಕಾರವೋ, ವಿನೋದವೋ? ಪಡೆಯುವುದಕ್ಕಾಗಿ ಹೇಳಿದ ಕಥೆಗಳು ಅವು. ಏನನ್ನೂ ಪಡೆಯುವ ಆಸೆಯಿಲ್ಲದೆ, ಕೇಳದವರಿಗೆ ಮನಸ್ಸಿನಲ್ಲಿ ಹೇಳಿಕೊಂಡ ಕಥೆ ಇದು. ಆದ್ದರಿಂದಲೇ ಇದರಲ್ಲಿ ತನ್ನವರ ದೋಷಗಳೂ ಮುಚ್ಚಿಲ್ಲ. ಇಥಿಯೋಪಿಯದ ಶಿಬಿರಗಳಲ್ಲಿ ವಿಮೋಚನಾ ಸೈನ್ಯವೇ ಮಕ್ಕಳನ್ನು ಸೈನಿಕ ಶಿಕ್ಷಣಕ್ಕೆ ಎಳೆದದ್ದನ್ನು ಕೃತಿ ಸ್ಪಷ್ಟವಾಗಿ ಹೇಳುತ್ತದೆ. ಶತ್ರುವನ್ನು ಮಾತ್ರ ದೂರುವ ಕಥೆಗೆ ಮರುಕ ದೊರೆಯುತ್ತದೆ. ತನ್ನವರನ್ನೂ ಬಿಡದ ಕಥೆಗೆ ವಿಶ್ವಾಸ ದೊರೆಯುತ್ತದೆ.

ಶೀರ್ಷಿಕೆಯ ಅರ್ಥವನ್ನೂ ಇಲ್ಲಿ ಸೂಚಿಸಬೇಕು. ಕಾದಂಬರಿಯಲ್ಲಿ ಬರುವ ಡಿಂಕಾ ಜನರ ಕಥೆಯೊಂದರಂತೆ ದೇವರು ಮೊದಲ ದಂಪತಿಗಳನ್ನು ಸೃಷ್ಟಿಸಿ, ‘ಇಗೋ ಗೋವು, ಇದು ಬೇಕೋ, ಇಲ್ಲವೆ ಏನೆಂದು ಹೇಳದ ಇನ್ನೊಂದು ಬೇಕೋ’ ಎಂದು ಕೇಳಿದನಂತೆ. ಅವರು ಕಣ್ಣೆದುರಿನ ಗೋವನ್ನು ಆರಿಸಿಕೊಂಡರು. ಹಾಗಾದರೆ ಆ ‘ಏನೋ ಒಂದು’ ಏನಾಗಿತ್ತು? ಊರಿನಲ್ಲಿ ಈ ಕಥೆಯನ್ನು ಗೋವಿನ ಹಿರಿಮೆಗಾಗಿ ಹೇಳುತ್ತಿದ್ದರು. ಊರೂ ಗೋವೂ ಹೋದಮೇಲೆ ಆ ಪ್ರಶ್ನೆ ಮಾತ್ರ ಹುಡುಗನ ಜೊತೆಗೆ ನಡೆದು ಬಂತು. ಅಮೆರಿಕವೇ ಅದಾಗಿದ್ದೀತೆ ಎಂಬ ಆಸೆಗೆ ಆ ಬಾಡಿಗೆ ಮನೆಯ ನೆಲವೇ ಉತ್ತರ.

ಇರಲಿ; ಗುಣಗಳನ್ನು ಹೇಳಿದಮೇಲೆ ದೋಷಗಳನ್ನೂ ಹೇಳುವುದು ವಿಮರ್ಶಕನ ಕರ್ತವ್ಯ. ಕೃತಿ ದೀರ್ಘವಾಯಿತು. ಕಾಕುಮಾದ ವರ್ಷಗಳನ್ನು ಹೇಳುವ ಭಾಗದಲ್ಲಿ ವಿವರಗಳು ಒಂದರ ಮೇಲೊಂದು ಬೀಳುತ್ತವೆ. ಶಿಬಿರದ ಬಾಳೇ ಹಾಗೆ, ಕಾಯುವುದೇ ಅಲ್ಲಿಯ ಕೆಲಸ ಎಂದು ಸಮರ್ಥಿಸಬಹುದಾದರೂ ಓದುಗನ ತಾಳ್ಮೆಗೆ ಮಿತಿಯಿದೆ. ಇನ್ನೊಂದು ಮುಖ್ಯ ದೋಷ: ಏಳು ವರ್ಷದ ಹುಡುಗನ ಭಯವನ್ನು ಹೇಳುವಾಗಲೂ ವಾಕ್ಯಗಳು ಪಳಗಿದ ಲೇಖಕನವಾಗಿಯೇ ಉಳಿಯುತ್ತವೆ. ಎಗ್ಗರ್ಸ್ ತಾವೂ ಎಳೆಯ ಪ್ರಾಯದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ತಮ್ಮನನ್ನು ಸಾಕಿದವರು. ಆ ಅನುಭವ ಅವರಿಗೆ ಸಹಾನುಭೂತಿಯನ್ನು ಕೊಟ್ಟಿದೆ. ಆದರೆ ಸಹಾನುಭೂತಿ ಅನುಭವವಲ್ಲ.

ಈ ಕೊರತೆಯನ್ನು ತುಂಬುವುದು ಎರಡನೆಯ ಗ್ರಂಥ. ಮೂವರು ತರುಣರು, ಕಲಿತ ಪರಭಾಷೆಯಲ್ಲಿ, ತಮ್ಮ ತಮ್ಮ ಸರದಿಗೆ ತಮ್ಮ ತಮ್ಮ ಹೆಸರಿನಲ್ಲಿ ಹೇಳುತ್ತಾರೆ. ಇಲ್ಲಿ ತಂತ್ರವಿಲ್ಲ, ಕಟ್ಟಡವಿಲ್ಲ. ಅಣ್ಣ ಕಂಡದ್ದನ್ನು ತಮ್ಮ ಕಾಣಲಿಲ್ಲ. ಬೇರೆಯಾದವರು ಎಲ್ಲಿದ್ದರೆಂಬುದು ಪುಟ ತಿರುವಿದಾಗ ನಮಗೆ ತಿಳಿಯುತ್ತದೆ, ಅವರಿಗೆ ತಿಳಿಯುವುದಿಲ್ಲ. ಮಗುವಿನ ಕಣ್ಣಿಗೆ ಕಂಡದ್ದು ಮಗುವಿನ ಅಳತೆಯಲ್ಲಿಯೇ ನಿಲ್ಲುತ್ತದೆ: ಯುದ್ಧದ ಕಾರಣ ಗೊತ್ತಿಲ್ಲ, ಕಾಲಿನ ಹುಣ್ಣು ಗೊತ್ತು. ಕಲೆಯ ದೃಷ್ಟಿಯಿಂದ ಇದು ಎಗ್ಗರ್ಸ್ ಅವರ ಕೃತಿಗೆ ಸಮನಲ್ಲ. ಸಾಕ್ಷ್ಯದ ದೃಷ್ಟಿಯಿಂದ ಅದಕ್ಕಿಂತ ಮಿಗಿಲು. ಆದರೆ ಇದರ ಕಥೆ ಬಹುಮಟ್ಟಿಗೆ ಆಫ್ರಿಕದಲ್ಲಿಯೇ ಮುಗಿಯುತ್ತದೆ. ದಡ ಸೇರಿದಮೇಲೆ ಏನಾಯಿತು ಎಂಬುದಕ್ಕೆ ಮತ್ತೆ ಕಾದಂಬರಿಗೇ ಹೋಗಬೇಕು. ವಿಮಾನದ ಖರ್ಚು ಕೂಡ ಸಾಲವಾಗಿತ್ತು, ಅದನ್ನು ಕೂಲಿಯಿಂದ ತೀರಿಸಬೇಕಾಗಿತ್ತು. ಹದಿನೆಂಟು ದಾಟಿದವರಿಗೆ ಕೆಲವು ತಿಂಗಳ ನೆರವು ಮುಗಿದೊಡನೆ ಸ್ವಂತ ದುಡಿಮೆಯೇ ಗತಿಯಾಗಿತ್ತು. ಓದಬೇಕೆಂದು ಬಂದವರು ರಾತ್ರಿಪಾಳಿಯ ಕೆಲಸದಲ್ಲಿ ಕಣ್ಣು ಕೆಂಪಾಗಿಸಿಕೊಂಡರು.

ಎರಡು ಗ್ರಂಥಗಳಿಗೂ ಸಮಾನವಾದ ಒಂದು ಮೌನವನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಹೆಣ್ಣುಮಕ್ಕಳು ಎಲ್ಲಿ? ಅವರೂ ನಡೆದಿದ್ದರು, ಅವರೂ ನದಿ ದಾಟಿದ್ದರು. ಆದರೆ ಶಿಬಿರದಲ್ಲಿ ಸಂಪ್ರದಾಯದಂತೆ ಅವರನ್ನು ಬೇರೆ ಬೇರೆ ಸಂಸಾರಗಳಿಗೆ ಒಪ್ಪಿಸಲಾಯಿತು. ಅಲ್ಲಿ ನೀರು ಹೊತ್ತರು, ಅಡುಗೆ ಮಾಡಿದರು. ಮದುವೆಯಾದಾಗ ತೆರವಾಗಿ ಬಂದ ಸಂಪತ್ತು ಸಾಕಿದವರಿಗೆ ಸೇರಿತು. ಒಂದು ಸಂಸಾರದಲ್ಲಿ ಇದ್ದಾರೆಂಬ ಕಾರಣಕ್ಕೆ ದಿಕ್ಕಿಲ್ಲದ ಮಕ್ಕಳ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅಮೆರಿಕಕ್ಕೆ ಹೋದ ಆ ಸಾವಿರಾರು ಮಂದಿಯಲ್ಲಿ ಹುಡುಗಿಯರು ೮೯ ಮಾತ್ರ. ಎಗ್ಗರ್ಸ್ ಅವರ ಕೃತಿಯಲ್ಲಿ ಹೆಣ್ಣುಮಕ್ಕಳು ಬರುತ್ತಾರೆ, ಮನಸ್ಸಿನಲ್ಲಿ ಉಳಿಯುತ್ತಾರೆ. ಆದರೆ ನಾಯಕನ ಕಣ್ಣಿಗೆ ಕಂಡಷ್ಟೇ ಕಾಣುತ್ತಾರೆ. ಕೇಳುವವರಿಲ್ಲದ ಕಥೆಯನ್ನು ಕುರಿತ ಗ್ರಂಥಗಳಲ್ಲಿಯೂ ಹೇಳದ ಕಥೆ ಉಳಿದುಕೊಂಡಿತು.

ಇನ್ನು, ಗ್ರಂಥ ಮುಗಿದಮೇಲಿನ ಸಂಗತಿ. ಕಾದಂಬರಿಯಿಂದ ಬಂದ ಹಣವನ್ನು ವ್ಯಾಲೆಂಟಿನೊ ಅವರ ಹೆಸರಿನ ಪ್ರತಿಷ್ಠಾನಕ್ಕೆ ಮೀಸಲಿಡಲಾಯಿತು. ಅದರಿಂದ ಮರಿಯಲ್ ಬಾಯ್‌ನಲ್ಲಿ ೨೦೦೯ರಲ್ಲಿ ಒಂದು ಪ್ರೌಢಶಾಲೆ ತೆರೆಯಿತು. ಸುಟ್ಟುಹೋದ ಊರಿಗೆ ಶಾಲೆ ಬಂತು. ಅವನ ಕಥೆ ಯಾರ ಆಸ್ತಿ ಎಂಬ ನನ್ನ ಮೊದಲ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನ ನನಗೆ ತೋಚದು. ಆದರೆ ಸಂತೋಷ ಪೂರ್ಣವಾಗಲಿಲ್ಲ. ೨೦೧೧ರ ಜುಲೈ ೯ರಂದು ದಕ್ಷಿಣ ಸುಡಾನ್ ಸ್ವತಂತ್ರವಾಯಿತು. ೨೦೧೩ರ ಡಿಸೆಂಬರಿನಲ್ಲಿ ಅದೇ ದೇಶದ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಅವರ ಪ್ರತಿಸ್ಪರ್ಧಿ ರೀಕ್ ಮಚಾರ್ ಅವರ ಪಡೆಗಳು ಪರಸ್ಪರ ಕಾದಾಡಿದವು. ಒಮ್ಮೆ ಓಡಿದವರ ಮಕ್ಕಳು ಮತ್ತೆ ಓಡಿದರು. ೨೦೨೩ರ ಏಪ್ರಿಲಿನಲ್ಲಿ ಉತ್ತರದ ಸುಡಾನಿನಲ್ಲಿಯೂ ಹೊಸ ಯುದ್ಧ ಹೊತ್ತಿಕೊಂಡಿತು. ತಾತ್ಕಾಲಿಕವೆಂದು ತೆರೆದ ಕಾಕುಮಾ ಶಿಬಿರ ಮೂರು ದಶಕ ಕಳೆದರೂ ಮುಚ್ಚಲಿಲ್ಲ.

ಆದ್ದರಿಂದ ಓದುಗರೆ, ಈ ಗ್ರಂಥಗಳನ್ನು ಮುಗಿದ ದುಃಖದ ಇತಿಹಾಸವೆಂದು ಓದದಿರಿ. ಇಂಗ್ಲಿಷ್ ಬಲ್ಲವರು ಮೊದಲು ಮೂವರು ತರುಣರ ಗ್ರಂಥವನ್ನೂ, ಆಮೇಲೆ ಎಗ್ಗರ್ಸ್ ಅವರದನ್ನೂ ಓದುವುದು ಉಚಿತ. ಸಾಕ್ಷ್ಯ ಮೊದಲು, ಕಲೆ ಆಮೇಲೆ. ಓದಿ ಮರುಕಪಟ್ಟರೆ ಸಾಲದು. ನಮ್ಮ ಊರಿನ ಬಸ್ ನಿಲ್ದಾಣದಲ್ಲಿ, ನಮ್ಮ ಆಸ್ಪತ್ರೆಯ ಸರದಿ ಸಾಲಿನಲ್ಲಿ, ಚೀಟಿ ನೋಡಿ ಒಳಗೆ ಬಿಡುವ ಮೇಜಿನ ಹಿಂದೆ, ಮಾತನಾಡದೆ ಕುಳಿತ ಒಬ್ಬನು ಈ ಗಳಿಗೆಯಲ್ಲಿ ಮನಸ್ಸಿನಲ್ಲಿಯೇ ನಮಗೆ ಏನನ್ನೋ ಹೇಳುತ್ತಿರಬಹುದು. ನಾವು ಅವನ ಕಥೆಯನ್ನು ಕೇಳಲೇಬೇಕೆಂದಿಲ್ಲ. ಕೇಳುವುದೇ ಕೆಲವೊಮ್ಮೆ ಹಿಂಸೆ. ಅವನ ಮುಖವನ್ನು ನೋಡಿ, ಹೆಸರು ಹಿಡಿದು ಒಂದು ಮಾತನಾಡಿದರೆ ಸಾಕು. ಮನೆ ಬಿಟ್ಟು ಬಂದ ಮೊದಲ ರಾತ್ರಿ ನಮ್ಮಲ್ಲಿ ಎಷ್ಟೋ ಮಂದಿಗೆ ಯಾರೋ ಹಿರಿಯರು ಮಾಡಿದ್ದು ಅಷ್ಟನ್ನೇ ಅಲ್ಲವೆ? ಕಂಬಳಿಯನ್ನು ಸರಿಪಡಿಸಿ, ‘ಊಟ ಆಯಿತೇನಪ್ಪಾ’ ಎಂದು ಕೇಳಿದ್ದರು.