ಅರಿವಿನ ಅರಿವು: ಫ್ಲಾವೆಲರ ಪ್ರಬಂಧವೂ ಅದರ ಮುಂದಿನ ದಾರಿಯೂ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಫ್ಲಾವೆಲರು 1979ರಲ್ಲಿ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಆರು ಪುಟಗಳಷ್ಟು ಚಿಕ್ಕದು. ಆದರೆ ಶಿಕ್ಷಣಶಾಸ್ತ್ರದ ಮೇಲೆ ಅದು ಬೀರಿರುವ ಪ್ರಭಾವವು ಅನೇಕ ದೊಡ್ಡ ಗ್ರಂಥಗಳಿಗೂ ದೊರೆಯದಂಥದು. ಅವರು ‘ಮೆಟಾಕಾಗ್ನಿಷನ್’ ಎಂದು ಕರೆದುದನ್ನು ನಾವು ಇಲ್ಲಿ ‘ಅರಿವಿನ ಅರಿವು’ ಎನ್ನುತ್ತೇವೆ. ತಾನು ಬಲ್ಲುದೆಷ್ಟು, ಅರಿಯದುದೆಷ್ಟು ಎಂಬ ತಿಳಿವಳಿಕೆಯೂ, ಅದಕ್ಕನುಸಾರವಾಗಿ ತನ್ನ ವ್ಯಾಸಂಗವನ್ನು ತಿದ್ದಿಕೊಳ್ಳುವ ಶಕ್ತಿಯೂ ಇದರಲ್ಲಿ ಅಡಕವಾಗಿವೆ. ಬೇರೊಂದು ನೆಲೆಯಿಂದ ಹೊರಟ ಬ್ಯಾರಿ ಜಿಮ್ಮರ್‌ಮನ್ನರು ಮುನ್ನಾಲೋಚನೆ, ಆಚರಣೆ, ಆತ್ಮಪರಾಮರ್ಶೆ ಎಂಬ ಮೂರು ಘಟ್ಟಗಳ ‘ಸ್ವನಿಯಂತ್ರಿತ ಕಲಿಕೆ’ಯನ್ನು ನಿರೂಪಿಸಿದ ಮೇಲೆ ಈ ಎರಡು ವಿಚಾರಧಾರೆಗಳೂ ಬಹುಮಟ್ಟಿಗೆ ಒಂದಾಗಿ ಹರಿದಿವೆ.

ಇದು ನಮಗೆ ದೂರದ ವಿಷಯವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲಿಯುವುದನ್ನು ಕಲಿಯಬೇಕೆಂದು ಹೇಳಿ, ಶಾಲೆಯ ಪ್ರಗತಿಪತ್ರದಲ್ಲಿ ವಿದ್ಯಾರ್ಥಿಯ ಸ್ವಮೌಲ್ಯಮಾಪನಕ್ಕೂ ಸ್ಥಾನವನ್ನು ಕಲ್ಪಿಸಿದೆ. ಆದಕಾರಣ ಒಂದು ಪ್ರಶ್ನೆಯನ್ನು ನಾವು ಈಗಲೇ ಎತ್ತಬೇಕಾಗಿದೆ: ತನ್ನ ಅರಿವನ್ನು ಕುರಿತು ವಿದ್ಯಾರ್ಥಿಯು ಹೇಳುವ ಮಾತು ಎಷ್ಟರಮಟ್ಟಿಗೆ ನಂಬತಕ್ಕುದು?

ಫ್ಲಾವೆಲರು ಈ ಅರಿವಿನಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ಕಾಣುತ್ತಾರೆ. ಒಂದು, ಮನಸ್ಸಿನಲ್ಲಿ ಸಂಚಿತವಾಗಿರುವ ಜ್ಞಾನ; ಇದು ಕಲಿಯುವವನನ್ನು, ಕಲಿಯಬೇಕಾದ ಕಾರ್ಯವನ್ನು, ಕಲಿಯುವ ಉಪಾಯವನ್ನು ಕುರಿತದ್ದು. ಇನ್ನೊಂದು, ಕೆಲಸದ ನಡುವೆಯೇ ಹೊಳೆಯುವ ಅನುಭವ; ‘ಇದು ನನಗೆ ತಿಳಿಯುತ್ತಿಲ್ಲ’ ಎಂದು ಓದುತ್ತಿರುವಾಗ ಥಟ್ಟನೆ ಎನ್ನಿಸುವುದು ಇಂಥದು. ಅವರು ಆಧಾರವಾಗಿ ಎತ್ತಿಕೊಂಡ ಪ್ರಯೋಗಗಳು ಈ ಎರಡನೆಯ ಬಗೆಯ ಮೇಲೆಯೇ ಹೆಚ್ಚು ಬೆಳಕು ಚೆಲ್ಲುತ್ತವೆ. ಕೆಲವು ವಸ್ತುಗಳನ್ನು ಪೂರ್ತಿ ನೆನಪಾಗುವವರೆಗೆ ಅಭ್ಯಾಸಮಾಡಿರೆಂದು ಮಕ್ಕಳಿಗೆ ಹೇಳಿದಾಗ, ದೊಡ್ಡ ಮಕ್ಕಳು ಸಿದ್ಧವೆಂದರೆ ಸಾಮಾನ್ಯವಾಗಿ ಸಿದ್ಧರಾಗಿರುತ್ತಿದ್ದರು. ಚಿಕ್ಕವರು ಸಿದ್ಧವೆಂದರೂ ಸಾಮಾನ್ಯವಾಗಿ ಸಿದ್ಧರಾಗಿರುತ್ತಿರಲಿಲ್ಲ. ಎಲೆನ್ ಮಾರ್ಕ್‌ಮನ್ನರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟದ ವಿವರಣೆಯೊಳಗಿನ ಅತ್ಯಗತ್ಯವಾದ ಅಂಶವನ್ನೇ ಬಿಟ್ಟುಬಿಟ್ಟಿದ್ದರೂ ಎಳೆಯ ಮಕ್ಕಳಿಗೆ ಕೇಳುವಾಗ ಆ ಕೊರತೆ ತೋರಲಿಲ್ಲ. ಸ್ವತಃ ಆಡತೊಡಗಿದಾಗ ತೋರಿತು. ಅಜ್ಞಾನವು ತನ್ನನ್ನು ತಾನು ಪ್ರಕಟಪಡಿಸಿಕೊಂಡುದು ಕೃತಿಯಲ್ಲಿ, ಕೇಳಿಕೆಯಲ್ಲಲ್ಲ.

ಈ ಸೂಕ್ಷ್ಮವನ್ನು ಅನಂತರದ ಸಂಶೋಧನೆಯಲ್ಲಿ ಒಂದು ಪಂಥವು ಕಡೆಗಣಿಸಿತೆಂಬುದೇ ನಮ್ಮ ಆಕ್ಷೇಪಣೆ. ಸಂಚಿತ ಜ್ಞಾನವನ್ನು ಪ್ರಶ್ನಾವಳಿಯಿಂದ ಅಳೆಯಲು ಹೊರಟ ಈ ಪಂಥದ ಪ್ರಸಿದ್ಧ ಸಾಧನ, 1994ರಲ್ಲಿ ಶ್ರಾ ಮತ್ತು ಡೆನಿಸನ್ನರು ರಚಿಸಿದ 52 ಹೇಳಿಕೆಗಳ ಪಟ್ಟಿ. ಇಂಥ ಪಟ್ಟಿಗಳು ತೀರ ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ಆದರೆ ತನ್ನ ಅಜ್ಞಾನವನ್ನು ಅರಿಯದವನು ತನ್ನ ಅರಿವಿಗೆ ತಾನೇ ಸಾಕ್ಷಿ ನುಡಿಯುವುದು ಹೇಗೆ? ಯಾವ ಶಕ್ತಿಯ ಅಭಾವವನ್ನು ನಾವು ಕಂಡುಹಿಡಿಯಬೇಕಾಗಿದೆಯೋ ಆ ಶಕ್ತಿಯನ್ನೇ ಇಲ್ಲಿ ಅಳತೆಗೋಲಾಗಿ ಹಿಡಿದಂತಾಯಿತು.

ಈ ಸಂದೇಹಕ್ಕೆ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆಯವರು ಪ್ರಕಟಿಸಿದ ಪ್ರಯೋಗವು ಬಲವಾದ ಸಮರ್ಥನೆ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪಾಠವನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ತರುವಾಯ ಮೊದಲ ಗುಂಪಿಗೆ ಶೇಕಡ 83ರಷ್ಟೂ ಎರಡನೆಯದಕ್ಕೆ ಶೇಕಡ 71ರಷ್ಟೂ ನೆನಪಿತ್ತು. ಒಂದು ವಾರ ಕಳೆದಾಗ ಮೊದಲನೆಯದು 40ಕ್ಕೆ ಇಳಿದಿತ್ತು. ಎರಡನೆಯದು 61ರಲ್ಲಿ ನಿಂತಿತ್ತು. ಆದರೂ ‘ನನಗೆ ಚೆನ್ನಾಗಿ ನೆನಪಿರುವುದು’ ಎಂಬ ಭರವಸೆ ಹೆಚ್ಚಾಗಿದ್ದುದು ಮತ್ತೆ ಮತ್ತೆ ಓದಿದವರಲ್ಲಿಯೇ. ಪರಿಚಯವನ್ನು ಜ್ಞಾನವೆಂದು ಭ್ರಮಿಸುವ ಈ ದೋಷವನ್ನು ಯಾವ ಪ್ರಶ್ನಾವಳಿಯೂ ತಾನಾಗಿ ಬಯಲಿಗೆಳೆಯಲಾರದು.

ಫ್ಲಾವೆಲರಿಗೆ ನಾವು ಅನ್ಯಾಯವೆಸಗಬಾರದು. ಅರಿವಿನ ಅರಿವೂ ತಪ್ಪಾಗಿರಬಹುದೆಂದು, ಬೇಕಾದ ಸಮಯದಲ್ಲಿ ಅದು ಒದಗದೆಯೂ ಇರಬಹುದೆಂದು ಅವರು ಒಪ್ಪಿಕೊಂಡಿದ್ದಾರೆ. ಇದನ್ನು ಬೋಧಿಸುವ ಬಗೆಯ ವಿಷಯದಲ್ಲಿ ಅವರ ಪ್ರಬಂಧದಲ್ಲಿ ಆಶಯವುಂಟು, ಮಾರ್ಗದ ವಿವರ ಸಾಲದು. ಆ ಕೊರತೆಯನ್ನು 1984ರಲ್ಲಿ ಪಾಲಿಂಕ್ಸರ್ ಮತ್ತು ಬ್ರೌನರು ಬಹುಮಟ್ಟಿಗೆ ತುಂಬಿಕೊಟ್ಟರು. ಅವರ ಪದ್ಧತಿಯಲ್ಲಿ ಅಧ್ಯಾಪಕರೂ ಮಕ್ಕಳೂ ಸರದಿಯಂತೆ ಪಾಠವನ್ನು ಸಂಗ್ರಹಿಸಿ ಹೇಳುವರು, ಪ್ರಶ್ನೆ ಹಾಕುವರು, ತೊಡಕನ್ನು ಬಿಡಿಸುವರು, ಮುಂದೇನು ಬರಬಹುದೆಂದು ಊಹಿಸುವರು. ಇಲ್ಲಿ ಅರಿವಿನ ಅರಿವು ಪ್ರತ್ಯೇಕವಾದೊಂದು ಪಾಠವಲ್ಲ. ಓದಿನ ಒಳಗೆ ನಡೆಯುವ ಕೆಲಸ.

ನಮ್ಮ ತರಗತಿಗಳಲ್ಲಿ ಪಾಠದ ಕೊನೆಗೆ ‘ತಿಳಿಯಿತೇ?’ ಎಂದು ಕೇಳುವುದು ವಾಡಿಕೆ. ‘ತಿಳಿಯಿತು ಸಾರ್’ ಎಂಬುದು ಉತ್ತರ. ಆ ಉತ್ತರದಲ್ಲಿ ಕಪಟವಿಲ್ಲ, ಪ್ರಮಾಣವೂ ಇಲ್ಲ. ಅದರ ಬದಲು ಪುಸ್ತಕವನ್ನು ಮುಚ್ಚಿಸಿ ಐದು ನಿಮಿಷ ಬರೆಯಿಸಬಹುದು. ಉತ್ತರಪತ್ರಿಕೆಯನ್ನು ಹಿಂದಿರುಗಿಸುವ ಮುನ್ನ ತನಗೆ ಬರಬಹುದಾದ ಅಂಕವನ್ನು ವಿದ್ಯಾರ್ಥಿಯಿಂದಲೇ ಗುರುತಿಸಿ, ಬಂದ ಅಂಕದೊಡನೆ ಹೋಲಿಸಲು ಹೇಳಬಹುದು. ಊಹೆಯನ್ನು ಫಲದೊಡನೆ ತೂಗಿನೋಡದ ಸ್ವಮೌಲ್ಯಮಾಪನವು ಪ್ರಗತಿಪತ್ರದ ಇನ್ನೊಂದು ಅಂಕಣವಾಗಿ ಉಳಿದೀತೇ ಹೊರತು ಶಿಕ್ಷಣವಾಗದು.

ಕಡೆಯದಾಗಿ ಒಂದು ಎಚ್ಚರಿಕೆ. ಸ್ವನಿಯಂತ್ರಣದ ಹೆಸರಿನಲ್ಲಿ ಸೋಲಿನ ಹೊರೆಯನ್ನೆಲ್ಲ ವಿದ್ಯಾರ್ಥಿಯ ಹೆಗಲಿಗೇ ಏರಿಸುವುದು ಸುಲಭ. ಬಾಯಿಪಾಠವನ್ನೇ ಮನ್ನಿಸುವ ಪರೀಕ್ಷೆಗೆ ಗೈಡನ್ನು ಉರುಹೊಡೆದು ಹೋಗುವವನು ಒಂದರ್ಥದಲ್ಲಿ ತನ್ನ ಕಲಿಕೆಯನ್ನು ಜಾಣತನದಿಂದಲೇ ನಿಯಂತ್ರಿಸಿಕೊಂಡಿದ್ದಾನೆ; ಉಪಾಯ ಅವನದು, ಗುರಿಯನ್ನು ಗೊತ್ತುಮಾಡಿದವರು ನಾವು. ತನ್ನ ಅರಿವನ್ನು ಪರೀಕ್ಷಿಸಿಕೊಳ್ಳೆಂದು ಅವನಿಗೆ ಹೇಳುವ ಮೊದಲು, ನಾವು ಪರೀಕ್ಷಿಸುತ್ತಿರುವುದು ಅರಿವನ್ನೇ ಅಹುದೋ ಅಲ್ಲವೋ ಎಂದು ಅಧ್ಯಾಪಕರಾದ ನಾವು ಕೇಳಿಕೊಳ್ಳುವುದು ನ್ಯಾಯ.