ಫ್ರಿಜ್ಜಿನೊಳಗಿನ ಬಿಳಿ ಚೀಟಿ

ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಬಾಡಿಗೆ ಮನೆಯ ಫ್ರಿಜ್ಜಿನಲ್ಲಿ ತರಕಾರಿ ಡ್ರಾಯರ್ ಕಳಚಿ, ಕೊತ್ತಂಬರಿ ಕಟ್ಟನ್ನು ನೆಲಕ್ಕಿಟ್ಟು, ಫೋನಿನ ಟಾರ್ಚ್ ಬಿಟ್ಟರೆ ಎಡಗೋಡೆಯಲ್ಲಿ ಬೆರಳಗಲದ ಬಿಳಿ ಚೀಟಿ ಕಾಣುತ್ತದೆ. ಮಾಡೆಲ್ ನಂಬರು, ಸೀರಿಯಲ್ ನಂಬರು ಇರುವುದು ಅಲ್ಲೇ. ಮಧ್ಯದಲ್ಲಿರುವುದು ಸೊನ್ನೆಯೋ 'ಓ' ಅಕ್ಷರವೋ ಎಂದು ನಾನೂ ಹೆಂಡತಿಯೂ ಕಾಲು ಗಂಟೆ ಜಗಳವಾಡಿದೆವು. ಫೋಟೊ ತೆಗೆದು ಹಿಗ್ಗಿಸಿದ ಮೇಲೆ ಸೊನ್ನೆ ಗೆದ್ದಿತು.

ಈ ನಂಬರನ್ನು ನಮ್ಮ ವಿಳಾಸದ ಜೊತೆ ತಯಾರಕರಿಗೆ ಕೊಟ್ಟಿಟ್ಟರೆ, ಮುಂದೊಂದು ದಿನ ದೋಷ ಹೊರಬಿದ್ದಾಗ ಅವರೇ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ ಎಂಬುದು ರಿಜಿಸ್ಟ್ರೇಷನ್ನಿನ ಲೆಕ್ಕ. 2015ರ ಜನವರಿಯಲ್ಲಿ ತಯಾರಕರ ಸಂಘ ಆಮ್ಡಿಯಾ ಹಲವು ಬ್ರಾಂಡುಗಳಿಗೆ ಸೇರಿ ಒಂದೇ ಬಾಗಿಲು ತೆರೆಯಿತು: 'ರಿಜಿಸ್ಟರ್ ಮೈ ಅಪ್ಲೈಯನ್ಸ್'. ಸೆಕೆಂಡ್ ಹ್ಯಾಂಡ್ ಸಾಮಾನೂ ನಡೆಯುತ್ತದೆ. ಏರ್ಪಾಡು ಒಳ್ಳೆಯದೇ. ಆದರೆ ಇದರ ಭಾರವೆಲ್ಲ ಬಿದ್ದಿರುವುದು ಟಾರ್ಚ್ ಹಿಡಿದು ಮಂಡಿಯೂರಿದವರ ಮೇಲೆ. ಕಾರಿಗೆ ಈ ಪಾಡಿಲ್ಲ. ನಮ್ಮ ಆರ್‌ಟಿಒ ಥರ ಇಲ್ಲಿ ಡಿವಿಎಲ್‌ಎ ಇದೆ. ಯಾವ ಕಾರು ಯಾರ ಹೆಸರಲ್ಲಿದೆ ಎಂಬುದು ಅಲ್ಲಿ ದಾಖಲಾಗಿರುತ್ತದೆ, ದೋಷವಿದ್ದರೆ ಹಿಂದಕ್ಕೆ ಕರೆಯುವ ರೀಕಾಲ್ ಕಾಗದ ಮನೆಗೇ ಬರಬಹುದು. ಹಗಲೂ ರಾತ್ರಿ ಪ್ಲಗ್ಗಿನಲ್ಲೇ ಇರುವ ಫ್ರಿಜ್ಜಿನ ಲೆಕ್ಕ ಮಾತ್ರ ನಾವೇ ಕೊಡದಿದ್ದರೆ ಯಾರ ಬಳಿಯೂ ಇರುವುದಿಲ್ಲ.

ಜನ ಯಾಕೆ ರಿಜಿಸ್ಟರ್ ಮಾಡುವುದಿಲ್ಲ ಎಂದು ಕೇಳುವವರಿಗೆ ನನ್ನದೇ ಕತೆ ಹೇಳಬಲ್ಲೆ. ಹಿಂದೊಮ್ಮೆ ವಾಷಿಂಗ್ ಮಷೀನಿನ ರಿಜಿಸ್ಟ್ರೇಷನ್ ಕಾರ್ಡನ್ನು ಶ್ರದ್ಧೆಯಿಂದ ತುಂಬಿ ಕಳಿಸಿದ್ದೆ. ವಾರದೊಳಗೆ ಬಂತು ಫೋನು: ಸುರಕ್ಷತೆಯ ಮಾತಲ್ಲ, ಹೆಚ್ಚುವರಿ ವಾರಂಟಿ ಬೇಕೇ ಎಂದು. ಮೂರನೇ ಫೋನಿನ ಹೊತ್ತಿಗೆ ಇಂಗ್ಲಿಷ್ ಬಾರದವನಂತೆ ನಟಿಸಿದೆ. ಮುಂದಿನ ಕಾರ್ಡು ನೇರ ಕಸದ ಬುಟ್ಟಿಗೆ. ರಿಜಿಸ್ಟ್ರೇಷನ್ ಮಾಹಿತಿಯನ್ನು ಹೀಗೆ ಮಾರಾಟಕ್ಕೆ ಬಳಸುವುದನ್ನು ಅಮೆರಿಕದವರು ಮಕ್ಕಳ ಸಾಮಾನಿನ ಮಟ್ಟಿಗೆ ಕಾನೂನಿನಲ್ಲೇ ತಡೆದರು. 1998ರಲ್ಲಿ ಷಿಕಾಗೋದಲ್ಲಿ ಡ್ಯಾನಿ ಕೀಸರ್ ಎಂಬ ಕೂಸು ಮಡಚುವ ತೊಟ್ಟಿಲಿಗೆ ಸಿಕ್ಕಿ ಸತ್ತಿತು. ಆ ತೊಟ್ಟಿಲನ್ನು ಐದು ವರ್ಷ ಮೊದಲೇ ಹಿಂದಕ್ಕೆ ಕರೆದಿದ್ದರು. ಆ ಕೂಸಿನ ಹೆಸರು ಹೊತ್ತ 2008ರ ಕಾನೂನಿನ ಪ್ರಕಾರ ತೊಟ್ಟಿಲು, ಎತ್ತರದ ಕುರ್ಚಿಯಂಥ ಮಕ್ಕಳ ಸಾಮಾನಿನ ಜೊತೆ ಅಂಚೆವೆಚ್ಚ ತುಂಬಿದ ಕಾರ್ಡು ಇರಲೇಬೇಕು. ಅದರಲ್ಲಿ ಕೇಳುವುದು ಹೆಸರು, ವಿಳಾಸ, ಫೋನು, ಇಮೇಲು ಮಾತ್ರ. ಆ ಮಾಹಿತಿಯನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಬ್ರಿಟನ್ನು ನಕಲು ಮಾಡಬೇಕಾದದ್ದು ಇದನ್ನೇ.

ಇನ್ನೊಂದು ಮಾತು. ಕಾಗದ ತಲುಪಿದರೆ ಸಾಲದು, ಅದರಲ್ಲಿ ಏನು ಬರೆದಿದೆ ಅನ್ನುವುದೂ ಮುಖ್ಯ. 2015ರ ನವೆಂಬರಿನಲ್ಲಿ ವರ್ಲ್‌ಪೂಲ್ ಕಂಪನಿ ತನ್ನ ಹಾಟ್‌ಪಾಯಿಂಟ್, ಇಂಡೆಸಿಟ್ ಮುಂತಾದ ಬಟ್ಟೆ ಒಣಗಿಸುವ ಯಂತ್ರಗಳಲ್ಲಿ ಬಟ್ಟೆಯ ನೂಲೆಳೆಗಳ ಧೂಳು ಹೀಟರಿಗೆ ತಾಗಿ ಬೆಂಕಿ ಹತ್ತಬಹುದೆಂದು ಒಪ್ಪಿಕೊಂಡಿತು. ಕೊಟ್ಟ ಸಲಹೆ? ರಿಪೇರಿಯವರು ಬರುವತನಕ ಬಳಸಿ, ಆದರೆ ಯಂತ್ರ ಓಡುತ್ತಿರುವಾಗ ಅದನ್ನು ಬಿಟ್ಟುಹೋಗಬೇಡಿ. 2016ರ ಆಗಸ್ಟಿನಲ್ಲಿ, ನಮ್ಮಲ್ಲಿಂದ ದಕ್ಷಿಣಕ್ಕೆ ಹತ್ತು ಮೈಲಿಯೂ ಇಲ್ಲದ ಷೆಪರ್ಡ್ಸ್ ಬುಷ್‌ನ 18 ಮಹಡಿಯ ಕಟ್ಟಡದಲ್ಲಿ ಅಂಥದೇ ಯಂತ್ರದಿಂದ ಬೆಂಕಿ ಎದ್ದಿತು. ಪ್ಲಗ್ ಕಿತ್ತಿಡಿ ಎಂಬ ಸಲಹೆ ಬಂದದ್ದು 2017ರ ಆರಂಭದಲ್ಲಿ. ಪೂರ್ತಿ ರೀಕಾಲ್ 2019ರಲ್ಲಿ. ನಿಯತ್ತಾಗಿ ರಿಜಿಸ್ಟರ್ ಮಾಡಿದವರ ಮನೆಗೂ ಮೊದಲು ತಲುಪಬಹುದಾಗಿದ್ದದ್ದು 'ಬಳಸಿ' ಎಂಬ ಆ ಮಾತೇ.

ಊರಿಂದ ಸೂಟ್‌ಕೇಸಿನಲ್ಲಿ ಬಂದ ಮಿಕ್ಸಿಯ ಸಂಗತಿ ಕೇಳಲೇಬೇಡಿ. ಕನ್ವರ್ಟರ್ ಪ್ಲಗ್ ಸಿಕ್ಕಿಸಿಕೊಂಡು ಚಟ್ನಿ ಅರೆಯುವ ಅದು ಈ ದೇಶದ ಯಾವ ದಾಖಲೆಯಲ್ಲೂ ಇಲ್ಲ.

ಫ್ರಿಜ್ಜನ್ನು ನಮ್ಮ ಹೆಸರಿನಲ್ಲೇ ರಿಜಿಸ್ಟರ್ ಮಾಡಿದೆವು, ಸಾಮಾನು ಮನೆ ಮಾಲೀಕರದ್ದಾದರೂ. ನಾವು ಮನೆ ಬಿಟ್ಟರೆ ಫ್ರಿಜ್ಜು ಇಲ್ಲೇ ಉಳಿಯುತ್ತದೆ, ಎಚ್ಚರಿಕೆ ನಮ್ಮ ಬೆನ್ನು ಹತ್ತುತ್ತದೆ. ಅದಕ್ಕೇ ನಂಬರನ್ನು ಚೀಟಿಯಲ್ಲಿ ಬರೆದು ಮ್ಯಾಗ್ನೆಟ್ ಒತ್ತಿ ಬಾಗಿಲಿಗೆ ಹಚ್ಚಿದ್ದೇನೆ. ಸೊನ್ನೆಯ ಕೆಳಗೆ ಹೆಂಡತಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾಳೆ.