ಕೇಳುವ ಕಿವಿಯ ಭಾಷೆ: ಆಟಿಸಂ ಆತ್ಮಕಥನಗಳ ಒಂದು ಓದು

ಕನ್ನಡದಲ್ಲಿ ಆಟಿಸಂಗೆ ‘ಸ್ವಲೀನತೆ’ ಎಂಬ ಪದ ಬಳಕೆಗೆ ಬಂದಿದೆ. ತನ್ನಲ್ಲೇ ಲೀನವಾಗಿರುವುದು ಎಂದು ಅದರ ಅರ್ಥ. ‘ತಾನು’ ಎಂಬರ್ಥದ ಗ್ರೀಕ್ ಧಾತುವಿಗೆ ಇದು ನಿಷ್ಠವಾದ ಅನುವಾದವೇ ಸರಿ. ಆದರೆ ಪದದ ಚರಿತ್ರೆ ಅಷ್ಟು ಸರಳವಾಗಿಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳು ಹೊರಜಗತ್ತಿನಿಂದ ಹಿಂದೆ ಸರಿಯುವುದನ್ನು ಸೂಚಿಸಲು ಇದನ್ನು ರೂಪಿಸಿದನು. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಅದನ್ನು ಎರವಲು ಪಡೆದು ಹನ್ನೊಂದು ಮಕ್ಕಳ ಸ್ಥಿತಿಯನ್ನು ವಿವರಿಸಿದನು. ಹೀಗೆ ಕೈಯಿಂದ ಕೈಗೆ ಬಂದ ಪದದೊಳಗೆ ಒಂದು ತೀರ್ಪು ಅಡಗಿದೆ: ಈ ಮಗುವಿಗೆ ಇತರರು ಬೇಕಾಗಿಲ್ಲ ಎಂಬ ತೀರ್ಪು. ಕಳೆದ ನಾಲ್ಕು ದಶಕಗಳಲ್ಲಿ ಅದನ್ನು ಗಟ್ಟಿಯಾಗಿ ಪ್ರಶ್ನಿಸಿದವರು ಆಟಿಸಂ ಇರುವ ವ್ಯಕ್ತಿಗಳೇ. ಅವರ ಬರಹಗಳಿಗೂ ಸಂಶೋಧನೆಗೂ ಏರ್ಪಟ್ಟ ಸಂಬಂಧವನ್ನು ಸಾಹಿತ್ಯ ವಿಮರ್ಶೆಯ ಕಣ್ಣಿನಿಂದ ನೋಡುವ ಅಗತ್ಯವಿದೆ. ಎರಡು ಮೂರು ಭಾಷೆಗಳ ನಡುವೆ ಬದುಕುವ ಗಡಿನಾಡಿನ ಮನೆಗಳಿಗಂತೂ ಇದು ದೂರದ ವಿಷಯವಲ್ಲ.

ಕ್ಯಾನರನ 1943ರ ಲೇಖನವನ್ನು ಪಠ್ಯವಾಗಿ ಓದಿದರೆ ಕುತೂಹಲಕರ ಸಂಗತಿಯೊಂದು ಎದುರಾಗುತ್ತದೆ. ಅದರ ಮೊದಲ ಪ್ರಕರಣದ ವಿವರಗಳು ಬಹುಮಟ್ಟಿಗೆ ಆ ಮಗುವಿನ ತಂದೆ ಬೆರಳಚ್ಚು ಮಾಡಿ ಕಳಿಸಿದ ಮೂವತ್ತಮೂರು ಪುಟಗಳ ವೃತ್ತಾಂತದಿಂದ ಬಂದವು. ಎಂದರೆ ಈ ವೈದ್ಯಕೀಯ ಸಂಕಥನದ ಬೇರಿನಲ್ಲೇ ಒಂದು ಕುಟುಂಬದ ಬರಹವಿದೆ. ಮಗುವಿನ ಮಾತುಗಳೂ ಅಲ್ಲಿವೆ, ಆದರೆ ಲಕ್ಷಣಗಳಾಗಿ. ಮೂರು ವರ್ಷಗಳ ಬಳಿಕ, 1946ರಲ್ಲಿ, ಕ್ಯಾನರ್ ಇಂಥ ಮಕ್ಕಳ ‘ಅಸಂಬದ್ಧ’ ಮಾತುಗಳನ್ನು ಕುರಿತೇ ಇನ್ನೊಂದು ಲೇಖನ ಬರೆದು, ಅವು ರೂಪಕಗಳೆಂದು ತೋರಿಸಿದನು. ಅಲ್ಲಿನ ಒಂದು ಉದಾಹರಣೆ ಮರೆಯುವಂಥದ್ದಲ್ಲ. ತಾಯಿ ಅಡುಗೆಮನೆಯಲ್ಲಿ ಶಿಶುಗೀತೆಯೊಂದನ್ನು ಹೇಳುತ್ತಿದ್ದಾಗ ಕೈಯಿಂದ ಪಾತ್ರೆ ಜಾರಿ ಬಿತ್ತು. ಅಂದಿನಿಂದ ಮಗು ಅಂಥ ಪಾತ್ರೆಯನ್ನು ಕಂಡಾಗಲೆಲ್ಲ ಆ ಗೀತೆಯ ಪದಗಳನ್ನೇ ಉಚ್ಚರಿಸುತ್ತಿತ್ತು. ಹೊರಗಿನವರಿಗೆ ಅರ್ಥವಿಲ್ಲದ ಸದ್ದು. ತಾಯಿಗೆ ಮಾತ್ರ ಸ್ಪಷ್ಟವಾದ ಹೆಸರು. ಅರ್ಥ ಮಗುವಿನಲ್ಲಿ ಇತ್ತು. ಕೇಳುವವರು ಆ ಅಡುಗೆಮನೆಯಲ್ಲಿ ಇದ್ದರೇ, ಆ ಗೀತೆಯ ಭಾಷೆಯನ್ನು ಬಲ್ಲರೇ ಎಂಬುದರ ಮೇಲೆ ಅದು ಗೋಚರವಾಗುವುದು ನಿಂತಿತ್ತು.

ಈ ಒಳನೋಟ ಮುಂದೆ ಬೆಳೆಯಲಿಲ್ಲ. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ‘ದಿ ಎಂಪ್ಟಿ ಫೋರ್ಟ್ರೆಸ್’ ಎಂಬ ಕೃತಿಯಲ್ಲಿ ಮಗುವನ್ನು ಬರಿದಾದ ಕೋಟೆಗೆ ಹೋಲಿಸಿ, ಹೊಣೆಯನ್ನು ತಂದೆತಾಯಿಗಳ, ಮುಖ್ಯವಾಗಿ ತಾಯಿಯ, ಮೇಲೆ ಹೊರಿಸಿದನು. ಮಗುವಿನ ಮಾತನ್ನು ಬಿಡಿಸಬಲ್ಲ ಒಬ್ಬಳೇ ವ್ಯಾಖ್ಯಾನಕಾರ್ತಿ ಆರೋಪಿಯಾದಳು. ಈ ಸಿದ್ಧಾಂತವನ್ನು ಬರ್ನಾರ್ಡ್ ರಿಮ್ಲಂಡ್ 1964ರಲ್ಲೇ ವಿರೋಧಿಸಿದ್ದನು. ಆತ ಮನೋವಿಜ್ಞಾನಿಯೂ ಹೌದು, ಆಟಿಸಂ ಇರುವ ಮಗನ ತಂದೆಯೂ ಹೌದು. ಅನುಭವವೂ ಸಂಶೋಧನೆಯೂ ಒಬ್ಬನಲ್ಲೇ ಕೂಡಿದಾಗ ಏನಾಗಬಹುದೆಂಬುದಕ್ಕೆ ಅದು ಮೊದಮೊದಲ ನಿದರ್ಶನ.

ಟೆಂಪಲ್ ಗ್ರಾಂಡಿನ್ 1986ರಲ್ಲಿ ‘ಎಮರ್ಜೆನ್ಸ್’ ಪ್ರಕಟಿಸಿದಾಗ ಮಾತು ಉತ್ತಮ ಪುರುಷಕ್ಕೆ ತಿರುಗಿತು. 1992ರಲ್ಲಿ ಡೊನ್ನಾ ವಿಲಿಯಮ್ಸ್ ಬರೆದ ‘ನೋಬಡಿ ನೋವೇರ್’ ಬಂದಿತು. ಈ ಕೃತಿಗಳ ರಚನೆಯನ್ನು ಗಮನಿಸಬೇಕು. ಎರಡಕ್ಕೂ ಪರಿಣತನಾದ ರಿಮ್ಲಂಡನ ಮುನ್ಮಾತು ಇದೆ. ಗ್ರಾಂಡಿನ್ನಳ 1995ರ ‘ಥಿಂಕಿಂಗ್ ಇನ್ ಪಿಕ್ಚರ್ಸ್’ ಕೃತಿಗೆ ಆಲಿವರ್ ಸ್ಯಾಕ್ಸ್ ಬರೆದ ಮುನ್ನುಡಿ ಇದೆ. 1845ರಲ್ಲಿ ಫ್ರೆಡರಿಕ್ ಡಗ್ಲಸ್ ತನ್ನ ಗುಲಾಮಗಿರಿಯ ಕಥನವನ್ನು ಪ್ರಕಟಿಸಿದಾಗಲೂ ಬಿಳಿಯ ಸುಧಾರಕ ಗ್ಯಾರಿಸನ್ನನ ಮುನ್ನುಡಿ ಜೊತೆಗಿರಬೇಕಾಯಿತು. ಎರಡು ನೋವುಗಳನ್ನು ಸರಿದೂಗಿಸುವುದು ಈ ಹೋಲಿಕೆಯ ಉದ್ದೇಶವಲ್ಲ. ಸಾಕ್ಷಿ ನುಡಿಯುವ ಹಕ್ಕೇ ಸಂದೇಹದಲ್ಲಿರುವವರ ಆತ್ಮಕಥೆಗೆ ಜಾಮೀನುದಾರರ ರುಜು ಬೇಕಾಗುತ್ತದೆ ಎಂಬ ಪ್ರಕಾರದ ನಿಯಮ ಇಲ್ಲಿ ಎದ್ದು ಕಾಣುತ್ತದೆ. ಗ್ರಾಂಡಿನ್ನಳ ಮೊದಲ ಕೃತಿಯ ಶೀರ್ಷಿಕೆಯೂ ‘ಹೊರಬರುವಿಕೆ’ಯನ್ನೇ ಹೇಳುತ್ತದೆ. ಕತ್ತಲೆಯಿಂದ ಬೆಳಕಿಗೆ ಬಂದವಳ ಕಥೆಯೆಂದರೆ ಮಾತ್ರ ಆಗಿನ ಓದುಗರು ಅದನ್ನು ಒಪ್ಪುವಂತಿದ್ದರು.

ಇಷ್ಟಾದರೂ ಆ ಪುಟಗಳಲ್ಲಿ ಸಂಶೋಧನೆಗೆ ಗೊತ್ತಿಲ್ಲದ ವಿಷಯಗಳಿದ್ದವು. ಸದ್ದು ಮೈಗೆ ಚುಚ್ಚುವಂತಾಗುವುದು, ಬಟ್ಟೆಯ ಸ್ಪರ್ಶ ಸಹಿಸಲಾಗದಿರುವುದು, ಅಪ್ಪುಗೆ ಬೇಕಾಗಿದ್ದರೂ ತಡೆಯಲಾಗದಿರುವುದು: ಇವನ್ನು ಗ್ರಾಂಡಿನ್ ವಿವರವಾಗಿ ಬರೆದಳು. ಜಾನುವಾರುಗಳನ್ನು ಹಿಡಿದು ನಿಲ್ಲಿಸುವ ಚೌಕಟ್ಟನ್ನು ಕಂಡು, ಮೈಯನ್ನು ಎರಡೂ ಬದಿಯಿಂದ ಮೆತ್ತಗೆ ಒತ್ತುವ ಯಂತ್ರವೊಂದನ್ನು ತನಗಾಗಿ ಮಾಡಿಕೊಂಡಳು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ 1994ರ ಆವೃತ್ತಿಯ ಆಟಿಸಂ ಮಾನದಂಡಗಳಲ್ಲಿ ಈ ಇಂದ್ರಿಯಾನುಭವಕ್ಕೆ ಸ್ಥಾನವಿರಲಿಲ್ಲ. 2013ರ ಐದನೆಯ ಆವೃತ್ತಿಯಲ್ಲಿ ಅದು ಸೇರಿತು. ಆತ್ಮಕಥೆಗೂ ಕೈಪಿಡಿಗೂ ನಡುವೆ ಇಪ್ಪತ್ತೇಳು ವರ್ಷಗಳ ಅಂತರ. ಆ ಅವಧಿಯಲ್ಲಿ ಕಿವಿ ಮುಚ್ಚಿಕೊಂಡು ಅತ್ತ ಮಕ್ಕಳಲ್ಲಿ ಎಷ್ಟೋ ಮಂದಿ ‘ಹಟಮಾರಿ’ಗಳೆಂದು ದಂಡನೆಗೊಳಗಾಗಿರಬೇಕು.

ತೀರ್ಪನ್ನು ನೇರವಾಗಿ ಕೆಣಕಿದ್ದು 1993ರಲ್ಲಿ ಜಿಮ್ ಸಿಂಕ್ಲೇರ್ ಹೆತ್ತವರನ್ನು ಉದ್ದೇಶಿಸಿ ಬರೆದ ಪ್ರಬಂಧ. ತಮಗಾಗಿ ದುಃಖಿಸಬೇಡಿ ಎಂಬುದು ಅದರ ತಿರುಳು. ಸಂಬಂಧ ಸಾಧ್ಯವಾಗದಿರುವಲ್ಲಿ ಮಗು ಪರಭಾಷೆಯೊಂದನ್ನು ಆಡುತ್ತಿದೆಯೆಂದು ತಿಳಿದು, ತಮ್ಮ ಭಾಷೆಯ ಊಹೆಗಳನ್ನು ಬದಿಗಿಟ್ಟು ಕಲಿಯಬೇಕೆಂದು ಆ ಬರಹ ಹೆತ್ತವರನ್ನು ಕೇಳುತ್ತದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸ್ಟಿಕ್ ಆದ ಡೇಮಿಯನ್ ಮಿಲ್ಟನ್ 2012ರಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ‘ಡಬಲ್ ಎಂಪಥಿ’ ಎಂದು ಹೆಸರಾದ ಅವರ ವಾದದಂತೆ, ಅರ್ಥವಾಗದಿರುವಿಕೆ ಎರಡೂ ಕಡೆಯದು; ಆದರೆ ಕೊರತೆಯ ಹೆಸರು ಮಾತ್ರ ಅಲ್ಪಸಂಖ್ಯಾತರ ಪಾಲಿಗೆ ಬರುತ್ತದೆ. ಬಹುಸಂಖ್ಯಾತರ ಭಾಷೆಯನ್ನು ತಡವರಿಸಿ ಆಡುವವರನ್ನು ‘ಮಾತು ಬಾರದವರು’ ಎನ್ನುವ ಕಚೇರಿಗಳನ್ನು ಕಂಡ ಗಡಿನಾಡಿನ ಓದುಗರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಸಂಶೋಧನೆ ಈ ವಾದವನ್ನು ಒರೆಗೆ ಹಚ್ಚಿದ ರೀತಿಯೂ ಬೋಧಪ್ರದ. ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಪ್ಪತ್ತೆರಡು ವಯಸ್ಕರು ಎಂಟೆಂಟು ಜನರ ಸರಪಳಿಗಳಲ್ಲಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಆಟಿಸ್ಟಿಕ್ ವ್ಯಕ್ತಿಗಳಷ್ಟೇ ಇದ್ದ ಸರಪಳಿಯಲ್ಲಿ ಕಥೆ ಉಳಿದ ಪ್ರಮಾಣ ಇತರರ ಸರಪಳಿಯಷ್ಟೇ ಇತ್ತು. ಮಿಶ್ರ ಸರಪಳಿಯಲ್ಲಿ ಅದು ಹೆಚ್ಚು ಸವೆಯಿತು. 2025ರಲ್ಲಿ ಇದೇ ತಂಡದವರು ಇನ್ನೂ ಹೆಚ್ಚು ಜನರೊಡನೆ ನಡೆಸಿದ ಅಧ್ಯಯನದಲ್ಲಿ ಮಿಶ್ರ ಸರಪಳಿಯ ಹಿನ್ನಡೆ ಕಾಣಲಿಲ್ಲ. ಸಿದ್ಧಾಂತದ ಉತ್ಸಾಹಿಗಳಿಗೆ ಇದು ನಿರಾಸೆ ತಂದಿರಬಹುದು. ಆದರೆ ಆಟಿಸ್ಟಿಕ್ ವ್ಯಕ್ತಿಗಳ ಸಂವಹನ ಸ್ವಭಾವತಃ ಊನವಾದುದು ಎಂಬ ಹಳೆಯ ಎಣಿಕೆಗೆ ಎರಡೂ ಫಲಿತಾಂಶಗಳು ಬೆಂಬಲ ಕೊಡುವುದಿಲ್ಲ. ಅನುಭವ ಪ್ರಶ್ನೆಯನ್ನು ಎತ್ತಿತು. ಸಂಶೋಧನೆ ಅದರ ಉತ್ತರವನ್ನು ತಿದ್ದುತ್ತಿದೆ. ಇವೆರಡರ ಸಂಬಂಧ ಹೀಗಿದ್ದರೇ ಆರೋಗ್ಯಕರ.

ಆರೋಗ್ಯ ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ‘ಆಸ್ಪೈರ್’ ಎಂಬ ಸಹಭಾಗಿತ್ವದ ಯೋಜನೆಯಲ್ಲಿ ಆಟಿಸ್ಟಿಕ್ ವ್ಯಕ್ತಿಗಳು ಸಹಸಂಶೋಧಕರು. ಡೋರಾ ರೇಮೇಕರ್ ಮುಂತಾದವರು 2020ರಲ್ಲಿ ‘ಆಟಿಸ್ಟಿಕ್ ಬರ್ನೌಟ್’ ಎಂಬುದನ್ನು ವಿವರಿಸಿದರು: ದೀರ್ಘಕಾಲದ ಬಳಲಿಕೆ, ಇದ್ದ ಕೌಶಲಗಳ ನಷ್ಟ, ಸದ್ದು–ಬೆಳಕುಗಳನ್ನು ತಾಳುವ ಶಕ್ತಿ ಕುಂದುವುದು. ಪದ ಸಮುದಾಯದೊಳಗೆ ಮೊದಲೇ ಇತ್ತು. ಸಂಶೋಧನೆ ಬಳಿಕ ಬಂದಿತು. ಇತರರಂತೆ ತೋರಿಸಿಕೊಳ್ಳಲು ದಿನವಿಡೀ ನಡೆಸುವ ಪ್ರಯತ್ನ ಇದಕ್ಕೆ ಒಂದು ಕಾರಣ. ಸಾರಾ ಕ್ಯಾಸಿಡಿ ಮತ್ತು ಸಹೋದ್ಯೋಗಿಗಳ 2018ರ ಅಧ್ಯಯನ ಇಂಥ ಮರೆಮಾಚುವಿಕೆಗೂ ಆತ್ಮಹತ್ಯೆಯ ಅಪಾಯಕ್ಕೂ ಇರುವ ನಂಟನ್ನು ತೋರಿಸಿತು. ಯಕ್ಷಗಾನದ ವೇಷಧಾರಿ ಬೆಳಗಾಗುವಾಗ ಚೌಕಿಗೆ ಬಂದು ಬಣ್ಣ ಒರೆಸಿಕೊಳ್ಳುತ್ತಾನೆ. ಈ ವೇಷಕ್ಕೆ ಚೌಕಿಯಿಲ್ಲ.

ಆತ್ಮಕಥನಗಳನ್ನು ಮೆಚ್ಚುವುದರ ಜೊತೆಗೆ ಅವುಗಳ ಮಿತಿಯನ್ನೂ ಹೇಳಬೇಕು. ಬರೆಯಬಲ್ಲವರು, ಅದರಲ್ಲೂ ಇಂಗ್ಲಿಷಿನಲ್ಲಿ ಬರೆಯಬಲ್ಲವರು, ಎಲ್ಲರ ಪ್ರತಿನಿಧಿಗಳಾಗಿಬಿಡುತ್ತಾರೆ. ಮಾತಾಡದವರ ಸಾಕ್ಷ್ಯ ಇನ್ನೂ ತೊಡಕಿನದು. ಕರ್ನಾಟಕದಲ್ಲಿ ಬಾಲ್ಯದ ಕೆಲವು ವರ್ಷಗಳನ್ನು ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ ಅವರ ‘ಬಿಯಾಂಡ್ ದ ಸೈಲೆನ್ಸ್’ 2000ದಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಬಂಗಾಳಿ ಮನೆಯ ಹುಡುಗ, ಕನ್ನಡದ ನೆಲ, ಇಂಗ್ಲಿಷ್ ಪುಸ್ತಕ. ತಾಯಿ ಸೋಮಾ ಅವರ ಬೋಧನಕ್ರಮವನ್ನು ಮುಂದೆ ಬೇರೆ ಮಕ್ಕಳಿಗೆ ಅನ್ವಯಿಸಿದಾಗ, ಅಕ್ಷರಗಳು ಮಗುವಿನವೋ ಸಹಾಯಕರವೋ ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ವಾಕ್–ಶ್ರವಣ ತಜ್ಞರ ಸಂಘ 2018ರಲ್ಲಿ ಆ ಕ್ರಮವನ್ನು ಬಳಸಬಾರದೆಂದು ಹೇಳಿತು. ವಿಮರ್ಶಕರು ಇಲ್ಲಿ ಎರಡು ಹೊಣೆಗಳನ್ನು ಒಟ್ಟಿಗೆ ಹೊರಬೇಕು. ಮಾತಿಲ್ಲದವರ ಒಳಬದುಕನ್ನು ನಿರಾಕರಿಸಬಾರದು. ಅವರ ಹೆಸರಿನಲ್ಲಿ ಬೇರೊಬ್ಬರು ಮಾತಾಡುತ್ತಿರುವ ಸಾಧ್ಯತೆಯನ್ನು ಕಡೆಗಣಿಸಲೂಬಾರದು. ಕರ್ತೃತ್ವದ ಪ್ರಶ್ನೆ ಆ ವ್ಯಕ್ತಿಯ ಹಿತದ ಪ್ರಶ್ನೆಯೂ ಆಗಿದೆ.

ಹಾಗಿದ್ದರೆ ಪುಸ್ತಕ ಬರೆಯದ, ಇಂಗ್ಲಿಷ್ ಇಲ್ಲದ ಮನೆಗಳ ಮಕ್ಕಳ ಮಾತನ್ನು ಯಾರು ಕೇಳುತ್ತಾರೆ? ಭಾರತದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ‘ಇಸಾ’ ಮಾಪನದಲ್ಲಿ ನಲವತ್ತು ಅಂಶಗಳಿವೆ. ಅರ್ಥಹೀನ ಪದಗಳ ಬಳಕೆ, ಕೇಳಿದ್ದನ್ನೇ ಮರುನುಡಿಯುವುದು, ಸರ್ವನಾಮಗಳ ಅದಲುಬದಲು ಮುಂತಾದವು ಅವುಗಳಲ್ಲಿ ಸೇರಿವೆ. ಇವನ್ನು ಅಳೆಯುವವರಿಗೆ ಮಗುವಿನ ಮನೆಮಾತು ಗೊತ್ತಿರಬೇಕಾದುದು ಸಹಜ ಅಪೇಕ್ಷೆ. ಕಾಸರಗೋಡಿನ ಒಂದು ಮನೆಯಲ್ಲಿ ಅಜ್ಜಿಯದು ತುಳು, ತಾಯಿಯದು ಕನ್ನಡ, ಅಂಗಡಿಯದು ಮಲಯಾಳ. ಆ ಮನೆಯ ಮಗು ಅಜ್ಜಿಯ ಒಗಟಿನ ತುಣುಕೊಂದನ್ನು ಮಲಯಾಳ ಮಾತ್ರ ಬಲ್ಲ ತಜ್ಞರ ಎದುರು ನುಡಿದರೆ ಅದು ಯಾವ ಕಲಮಿನಲ್ಲಿ ದಾಖಲಾಗುತ್ತದೆ? ಸರ್ವನಾಮವನ್ನು ಬಿಟ್ಟು ಕ್ರಿಯಾಪದದ ಪ್ರತ್ಯಯದಲ್ಲೇ ‘ನಾನು’, ‘ನೀನು’ಗಳನ್ನು ಸೂಚಿಸುವ ಕನ್ನಡದಲ್ಲಿ ಅದಲುಬದಲು ಎಂಬುದು ಕೇಳಿಸುವ ಬಗೆಯೇ ಬೇರೆ, ಕ್ರಿಯಾಪದಕ್ಕೆ ಪುರುಷಪ್ರತ್ಯಯವೇ ಇಲ್ಲದ ಮಲಯಾಳದ ಕಿವಿಗೆ ಅದು ತಪ್ಪಿಹೋಗಬಹುದು. ಸೊಲ್ಲಾಪುರದ ಮರಾಠಿ–ಕನ್ನಡ, ಆದವಾನಿಯ ತೆಲುಗು–ಕನ್ನಡ, ತಾಳವಾಡಿಯ ತಮಿಳು–ಕನ್ನಡ ಮನೆಗಳಲ್ಲೂ ಇಂಥವೇ ಪ್ರಶ್ನೆಗಳು ಏಳುತ್ತವೆ.

ಇನ್ನೊಂದು ಅಪಾಯ ಸಲಹೆಯ ರೂಪದಲ್ಲಿ ಬರುತ್ತದೆ. ಮಗುವಿಗೆ ಗೊಂದಲವಾಗದಿರಲು ಒಂದೇ ಭಾಷೆ ಸಾಕು, ಶಾಲೆಯ ಭಾಷೆಯನ್ನೇ ಮನೆಯಲ್ಲೂ ಆಡಿ ಎಂಬ ಸಲಹೆ. ಅದಕ್ಕೆ ಸಂಶೋಧನೆಯ ಆಧಾರವಿಲ್ಲ. ಕೆನಡಾದಲ್ಲಿ ಹ್ಯಾಂಬ್ಲಿ ಮತ್ತು ಫೊಂಬೋನ್ 2012ರಲ್ಲಿ ಪ್ರಕಟಿಸಿದ, ಎಪ್ಪತ್ತೈದು ಮಕ್ಕಳ ಅಧ್ಯಯನದಲ್ಲಿ ದ್ವಿಭಾಷಾ ಪರಿಸರದ ಆಟಿಸ್ಟಿಕ್ ಮಕ್ಕಳು ಏಕಭಾಷಿಕರಿಗಿಂತ ಭಾಷೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಬೆಟ್ಟಿ ಯೂ 2013ರಲ್ಲಿ ಅಮೆರಿಕದ ಹತ್ತು ಮಂದಿ ಚೀನೀ ತಾಯಂದಿರ ಮಾತುಗಳನ್ನು ದಾಖಲಿಸಿದರು. ಇಂಗ್ಲಿಷನ್ನೇ ಆಡಬೇಕೆಂಬ ಒತ್ತಾಯದಲ್ಲಿ ಮಗುವಿನೊಡನೆ ಸಹಜವಾಗಿ ಬೆರೆಯುವುದೇ ಕಷ್ಟವಾದುದನ್ನು ಆ ಮಾತುಗಳು ತಿಳಿಸುತ್ತವೆ. ಕ್ಯಾನರನ ಉದಾಹರಣೆಯ ತಾಯಿಯಿಂದ ಶಿಶುಗೀತೆಯನ್ನೇ ಕಸಿದುಕೊಂಡಂತೆ ಇದು. ರೂಪಕ ಹುಟ್ಟುವ ಜಾಗವೂ ಹೋಯಿತು, ಅದನ್ನು ಬಿಡಿಸುವವರೂ ಹೋದರು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮ ಆಟಿಸಂ ಸೇರಿದಂತೆ ಇಪ್ಪತ್ತೊಂದು ಸ್ಥಿತಿಗಳನ್ನು ಗುರುತಿಸಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯವನ್ನು ಅಪೇಕ್ಷಿಸುತ್ತದೆ. ಈ ಎರಡು ಪಠ್ಯಗಳನ್ನು ಒಟ್ಟಿಗೆ ಓದುವ ಕೆಲಸ ಗಡಿನಾಡಿನ ಕನ್ನಡ ಅಧ್ಯಯನದ ಪಾಲಿಗೆ ಬಂದಿದೆ. ಆಟಿಸ್ಟಿಕ್ ವ್ಯಕ್ತಿಗಳ ಮತ್ತು ಅವರೊಡನೆ ಬದುಕುವವರ ಮಾತುಗಳನ್ನು ಅವರವರ ಮನೆಮಾತಿನಲ್ಲೇ, ಒಪ್ಪಿಗೆ ಪಡೆದು, ಮುನ್ನುಡಿಯ ಜಾಮೀನಿಲ್ಲದೆ ದಾಖಲಿಸುವುದು ಅದರ ಮೊದಲ ಹೆಜ್ಜೆ. ಜಾನಪದವನ್ನು ಮನೆಮನೆಗೆ ಹೋಗಿ ಸಂಗ್ರಹಿಸಿದ ಅನುಭವವುಳ್ಳ ಕ್ಷೇತ್ರಕ್ಕೆ ಇದರ ವಿಧಾನ ಹೊಸದಲ್ಲ. ‘ಸ್ವಲೀನತೆ’ಗೆ ಬದಲಾಗಿ ಯಾವ ಪದ ಎಂಬ ಚರ್ಚೆ ಆ ಬಳಿಕ ನಡೆಯಲಿ; ಆಗ ಆ ಚರ್ಚೆಯಲ್ಲಿ ಮಾತಾಡಬೇಕಾದವರೂ ಇರುತ್ತಾರೆ.